ಬೆಳೆಯುವ ಸಭೆಯಲ್ಲಿ ಸಭಿಕರ ಮುಂದಾಳತ್ವ: ಪದೇ ಪದೇ ಕೇಳುವ ಪ್ರಶ್ನೆಗಳು

ಲೇ ಲೀಡರ್ ಅಂದರೆ ಯಾರು? ಹಿರಿಯರು, ಡೀಕನ್, ಕಮಿಟಿ ಮೆಂಬರ್ ಎಲ್ಲ ಒಂದೇನಾ?

ಪಾದ್ರಿಯ ದೀಕ್ಷೆ ಇಲ್ಲದೆ, ಸಂಬಳವಿಲ್ಲದೆ, ಕ್ರೈಸ್ತ ಸಭೆಯ (ಚರ್ಚಿನ) ಒಂದು ಜವಾಬ್ದಾರಿಗೆ ತನ್ನ ಹೆಸರು ಕೊಟ್ಟವರೆಲ್ಲ ಲೇ ಲೀಡರ್‌ಗಳೇ. ಪಂಗಡಕ್ಕೊಂದು ಹೆಸರು, ಅಷ್ಟೇ. ಪ್ರೆಸ್ಬಿಟೇರಿಯನ್ನರಲ್ಲಿ ಹಿರಿಯರು, ಬ್ಯಾಪ್ಟಿಸ್ಟರಲ್ಲಿ ಡೀಕನ್‌ಗಳು, ಆಂಗ್ಲಿಕನ್ನರಲ್ಲಿ ಚರ್ಚ್ ವಾರ್ಡನ್ ಮತ್ತು ಲೇ ರೀಡರ್, ಮೆಥೊಡಿಸ್ಟರಲ್ಲಿ ಕ್ಲಾಸ್ ಲೀಡರ್, ಕಥೋಲಿಕರಲ್ಲಿ ಪಾಲನಾ ಪರಿಷತ್ತಿನ ಸದಸ್ಯರು ಮತ್ತು ಧರ್ಮಬೋಧೆ ಕಲಿಸುವ ಉಪದೇಶಿಗಳು.

ಹೆಸರಿಗಿಂತ ಮುಖ್ಯವಾದದ್ದು ಅಧಿಕಾರದ ಅಳತೆ, ಅದು ಎಲ್ಲ ಕಡೆ ಒಂದೇ ಅಲ್ಲ. ಪ್ರೆಸ್ಬಿಟೇರಿಯನ್ ಹಿರಿಯರಿಗೆ ಹಲವು ಕಡೆ ತಲೆಯ ಮೇಲೆ ಕೈಯಿಟ್ಟು ಪ್ರತಿಷ್ಠೆ ಮಾಡುತ್ತಾರೆ, ಸಭಾಪಾಲಕರ (ಪಾಸ್ಟರ್) ಪಕ್ಕದಲ್ಲೇ ಕೂತು ಅವರು ಮತ ಹಾಕುತ್ತಾರೆ. ಕಥೋಲಿಕ ಸಭೆಯ 1983ರ ಧರ್ಮಸಭಾ ಕಾನೂನಿನ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ (ಪ್ಯಾರಿಷ್) ಹಣಕಾಸು ಸಮಿತಿ ಇರಲೇಬೇಕು. ಪಾಲನಾ ಪರಿಷತ್ತಿಗೆ ಮಾತ್ರ ಸಲಹೆ ಕೊಡುವ ಹಕ್ಕಷ್ಟೇ. ನಿಮ್ಮ ಸಭೆಯ ನಿಯಮಾವಳಿಯನ್ನು ಮೊದಲು ಓದಿ. ‘ನನಗೆ ಅಧಿಕಾರ ಇದೆ ಅಂದುಕೊಂಡಿದ್ದೆ’ ಎಂಬಲ್ಲಿಂದ ಶುರುವಾಗುವ ಜಗಳಗಳೇ ಹೆಚ್ಚು.

ಇದಕ್ಕೆ ಬೈಬಲಿನಲ್ಲಿ ಆಧಾರ ಎಲ್ಲಿದೆ?

ಎಲ್ಲರೂ ತೋರಿಸುವುದು ಎರಡು ಭಾಗಗಳನ್ನು. ಎರಡರಲ್ಲೂ ಎಲ್ಲರ ಕಣ್ತಪ್ಪಿಹೋಗುವ ವಿಷಯವೊಂದಿದೆ.

ವಿಮೋಚನಕಾಂಡ 18ರಲ್ಲಿ ಮೋಶೆ ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕೂತು ವ್ಯಾಜ್ಯ ಬಗೆಹರಿಸುತ್ತಿದ್ದ. ಅವನ ಮಾವ ಇತ್ರೋನ ಅದನ್ನು ನೋಡಿ, ಸಾವಿರ, ನೂರು, ಐವತ್ತು, ಹತ್ತು ಜನರಿಗೊಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸು ಎಂದ. ಆ ಮಾವ ಅಳಿಯನ ಬಳಲಿಕೆಯೊಂದನ್ನೇ ನೋಡಲಿಲ್ಲ. ಸಾಲಿನಲ್ಲಿ ನಿಂತ ಜನರೂ ಬಳಲುತ್ತಾರೆ ಎಂದ. ಪಾಸ್ಟರ್ ಎಲ್ಲವನ್ನೂ ತಾವೇ ಮಾಡುವ ಸಭೆಯಲ್ಲಿ ಕಾದು ಸುಸ್ತಾಗುವವರು ಸಭಿಕರು.

ಅಪೊಸ್ತಲರ ಕೃತ್ಯಗಳು 6ರಲ್ಲಿ ಎದ್ದ ಗೊಣಗಾಟಕ್ಕೆ ಕಾರಣ ಬೋಧನೆಯಲ್ಲ, ದಿನದಿನದ ಊಟದ ಹಂಚಿಕೆ. ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು. ಆಗ ಆರಿಸಿದ ಏಳು ಮಂದಿಯ ಹೆಸರುಗಳನ್ನು ಓದಿ ನೋಡಿ: ಎಲ್ಲವೂ ಗ್ರೀಕ್ ಹೆಸರುಗಳು. ಯಾರ ಕಡೆಯಿಂದ ದೂರು ಬಂತೋ ಆ ಕಡೆಯವರ ಕೈಗೇ ಹಂಚಿಕೆ ಹೋದಂತೆ ಕಾಣುತ್ತದೆ. ಆರಿಸಿದ್ದು ಸಭೆ, ಕೈಯಿಟ್ಟು ನೇಮಿಸಿದ್ದು ಅಪೊಸ್ತಲರು. ಈ ಎರಡರಲ್ಲಿ ಒಂದು ತಪ್ಪಿದರೂ ಮುಂದಾಳಿನ ಕಾಲಡಿಯ ನೆಲ ಸಡಿಲ.

ಪಾಸ್ಟರ್‌ಗೆ ಸಂಬಳ ಕೊಡುತ್ತೇವಲ್ಲ, ಮನೆಗಳಿಗೆ ಭೇಟಿ ಕೊಡುವುದು ಅವರ ಕೆಲಸ ತಾನೆ?

ಲೆಕ್ಕ ಹಾಕಿ. ಸಭೆಯಲ್ಲಿ 150 ಕುಟುಂಬಗಳಿವೆ ಎನ್ನೋಣ. ಹೋಗಿಬರುವ ಹೊತ್ತೂ ಸೇರಿ ಒಂದು ಭೇಟಿಗೆ ಎರಡು ಗಂಟೆ. ಪ್ರಸಂಗದ (ಆರಾಧನೆಯ ಬೋಧನೆಯ) ತಯಾರಿ, ಮದುವೆ, ಶವಸಂಸ್ಕಾರ, ಕಮಿಟಿಗಳ ನಡುವೆ ವಾರಕ್ಕೆ ನಾಲ್ಕು ಭೇಟಿ ಮಾಡಿದರೂ ಒಂದು ಸುತ್ತು ಮುಗಿಯಲು 38 ವಾರ ಬೇಕು. ಅಷ್ಟರಲ್ಲಿ ಇಬ್ಬರು ಆಸ್ಪತ್ರೆ ಸೇರಿದರೆ ಸುತ್ತು ಇನ್ನೂ ಎಳೆಯುತ್ತದೆ. ಹತ್ತು ಜನ ಭೇಟಿಗಾರರು ಹದಿನೈದು ಹದಿನೈದು ಮನೆ ಹಂಚಿಕೊಂಡು, ತಿಂಗಳಿಗೆ ಎರಡು ಮನೆಗೆ ಹೋಗಿಬಂದರೆ ಎಂಟು ತಿಂಗಳಲ್ಲಿ ಮುಗಿಯಿತು, ಯಾರ ಬೆನ್ನೂ ಬಾಗಲಿಲ್ಲ. ಸಾವು, ಗಂಭೀರ ಕಾಯಿಲೆ, ದಾಂಪತ್ಯದ ಬಿರುಕು ಬಂದಾಗ ಪಾಸ್ಟರ್ ಹೋಗಲೇಬೇಕು. ಅದಕ್ಕೆ ಅವರಿಗೆ ಸಮಯ ಸಿಗಬೇಕೆಂದರೆ ಉಳಿದದ್ದನ್ನು ಬೇರೆಯವರು ಹೊರಬೇಕು.

ಸಭೆ ಬೆಳೆದಂತೆ ಯಾವಾಗ ಏನು ಕೈಕೊಡುತ್ತದೆ?

ಅಂಕಿಗಳು ಅಂದಾಜು, ಆದರೆ ಕ್ರಮ ಹೆಚ್ಚುಕಡಿಮೆ ಇದೇ.

ನಲವತ್ತು ಜನರ ತನಕ ಎಲ್ಲವೂ ಬಾಯಿಮಾತಿನಲ್ಲಿ ನಡೆಯುತ್ತದೆ. ಯಾರು ಬಂದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಎಂಬತ್ತರ ಹೊತ್ತಿಗೆ ಮೊದಲು ಕಳೆದುಹೋಗುವುದು ಈ ‘ಗೊತ್ತಿರುವಿಕೆ’. ಒಬ್ಬರು ಮೂರು ವಾರ ಬರದಿದ್ದರೂ ಪ್ರತಿಯೊಬ್ಬರೂ ಬೇರೆ ಯಾರೋ ವಿಚಾರಿಸಿರುತ್ತಾರೆ ಅಂದುಕೊಳ್ಳುತ್ತಾರೆ. ಆಗ ಹಾಜರಿ ನೋಡುವ, ಫೋನ್ ಮಾಡುವ ಕೆಲಸಕ್ಕೆ ಹೆಸರು ಬೇಕು.

ನೂರೈವತ್ತರಿಂದ ಇನ್ನೂರರ ನಡುವೆ ತೀರ್ಮಾನ ಮಾಡುವ ವಿಧಾನವೇ ಒಡೆಯುತ್ತದೆ. ಪ್ರತಿಯೊಂದಕ್ಕೂ ಪಾಸ್ಟರ್ ‘ಹೂಂ’ ಅನ್ನಬೇಕೆಂದರೆ ಒಂದು ಬಲ್ಬ್ ಬದಲಿಸಲೂ ಹದಿನೈದು ದಿನ. ಪ್ರತಿ ವಿಭಾಗಕ್ಕೂ ಖರ್ಚಿನ ಮಿತಿ ಕೊಟ್ಟು, ಅದರೊಳಗೆ ಕೇಳದೆ ಮಾಡಿ ಎಂದು ಬರೆದುಕೊಡಬೇಕು. ಕೂರುವ ಜಾಗ ಶೇ. 80 ತುಂಬಿತೆಂದರೆ ಹೊಸಬರಿಗೆ ಅದು ಪೂರ್ತಿ ತುಂಬಿದ ಹಾಗೆಯೇ. ಕುಟುಂಬ ಒಟ್ಟಿಗೆ ಕೂರಲು ಜಾಗ ಸಿಗದೆ ತಿರುಗಿ ಹೋಗುತ್ತದೆ. ಎರಡನೇ ಆರಾಧನೆ ಶುರುಮಾಡುವ ಮಾತು ಆಗಲೇ ಬರಬೇಕು, ಬಾಗಿಲಾಚೆ ಜನ ನಿಂತ ಮೇಲಲ್ಲ.

ಯಾರನ್ನು ಆರಿಸಬೇಕು?

ಬೈಬಲಿನ 1 ತಿಮೊಥೆಯ 3 ಕೊಡುವ ಪಟ್ಟಿಯಲ್ಲಿ ಬೋಧಿಸುವ ಸಾಮರ್ಥ್ಯ ಒಂದು, ಉಳಿದದ್ದರಲ್ಲಿ ಬಹುಪಾಲು ನಡತೆಯದ್ದು: ಹಣದಾಸೆಯಿಲ್ಲದವರು, ಜಗಳಗಂಟರಲ್ಲದವರು, ಮನೆ ನಡೆಸಲು ಬಲ್ಲವರು, ಹೊರಗಿನವರಿಂದಲೂ ಒಳ್ಳೆಯವರು ಅನ್ನಿಸಿಕೊಂಡವರು. ಹೊಸದಾಗಿ ನಂಬಿದವರು ಬೇಡ ಎಂದೂ, ಸೇವಕರನ್ನು (ಡೀಕನ್‌ಗಳನ್ನು) ಮೊದಲು ಪರೀಕ್ಷಿಸಿ ಎಂದೂ ಅಲ್ಲೇ ಇದೆ. ಈ ಪರೀಕ್ಷೆಯನ್ನೇ ಸಭೆಗಳು ಬಿಟ್ಟುಬಿಡುವುದು.

ಸಾಮಾನ್ಯವಾಗಿ ಎಡವುವುದು ಮೂರು ಕಡೆ. ದೊಡ್ಡ ಕಾಣಿಕೆ ಕೊಡುವವರನ್ನು ಆರಿಸುವುದು. ಸೊಗಸಾಗಿ ಪ್ರಾರ್ಥಿಸುವವರನ್ನು ಆರಿಸುವುದು. ಮುನಿಸಿಕೊಂಡವರನ್ನು ಸಮಾಧಾನ ಮಾಡಲು ಹುದ್ದೆ ಕೊಡುವುದು, ಇದಂತೂ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಹೆಸರಿಲ್ಲದ ಕೆಲಸವನ್ನು ಯಾರು ಮಾಡುತ್ತಾರೆ ನೋಡಿ. ಆರಾಧನೆ ಮುಗಿದ ಮೇಲೆ ಕುರ್ಚಿ ಜೋಡಿಸುವವರು, ಒಬ್ಬಂಟಿಯಾಗಿ ನಿಂತ ಹೊಸಬರ ಹತ್ತಿರ ತಾವಾಗಿ ಹೋಗುವವರು, ‘ಮಾಡ್ತೀನಿ’ ಎಂದು ಹೇಳಿ ಮಾಡಿದವರು. ಅವರಿಗೆ ಮೊದಲು ಸಣ್ಣದೊಂದು ಕೆಲಸ, ಆರು ತಿಂಗಳು. ಹೇಳಿದ ಹೊತ್ತಿಗೆ ಬಂದರೇ, ತಪ್ಪಾದಾಗ ಒಪ್ಪಿಕೊಂಡರೇ, ಬೇರೆಯವರಿಂದ ಕೆಲಸ ಮಾಡಿಸಿದರೇ ಅಥವಾ ಎಲ್ಲವನ್ನೂ ತಾವೇ ಮಾಡಿ ಮುಗಿಸಿದರೇ? ಕೊನೆಯದು ಒಳ್ಳೆಯ ಗುಣದಂತೆ ಕಂಡರೂ ಮುಂದಾಳಿಗೆ ಅದೇ ದೊಡ್ಡ ಕೊರತೆ.

ಕೇಳಿದರೆ ಯಾರೂ ಮುಂದೆ ಬರುವುದಿಲ್ಲ. ಏನು ಮಾಡುವುದು?

ವೇದಿಕೆಯಿಂದ ‘ಯಾರಾದರೂ ಬನ್ನಿ’ ಎಂದಿರಬೇಕು. ‘ಯಾರಾದರೂ’ ಅಂದರೆ ಯಾರೂ ಅಲ್ಲ. ಆಳು ನೋಡಿ, ಒಬ್ಬರೇ ಇರುವಾಗ, ಹೆಸರು ಹಿಡಿದು ಕೇಳಿ: ‘ನಿಮ್ಮನ್ನೇ ಏಕೆ ಕೇಳುತ್ತಿದ್ದೇವೆ ಅಂದರೆ…’ ಜತೆಗೆ ಒಂದು ಪುಟದ ಹಾಳೆ ಕೊಡಿ. ಕೆಲಸ ಏನು, ವಾರಕ್ಕೆ ಎಷ್ಟು ಗಂಟೆ, ಯಾವ ದಿನಾಂಕದ ತನಕ, ಯಾರಿಗೆ ಉತ್ತರ ಕೊಡಬೇಕು, ಎಷ್ಟು ಖರ್ಚು ಮಾಡಬಹುದು, ಮತ್ತು ಯಾವುದು ಈ ಕೆಲಸ ಅಲ್ಲ. ಆ ಕೊನೆಯ ಸಾಲಿಗೆ ಬಹಳ ಬೆಲೆ. ಸಂಡೇ ಸ್ಕೂಲ್ ನೋಡಿಕೊಳ್ಳಿ ಎಂದು ಒಪ್ಪಿಸಿ, ಆರು ತಿಂಗಳಲ್ಲಿ ಯುವಜನ ಶಿಬಿರ, ಹಬ್ಬದ ನಾಟಕ, ಶನಿವಾರದ ಗುಡಿಸುವಿಕೆ ಎಲ್ಲವನ್ನೂ ಅದೇ ಹೆಗಲಿಗೆ ಹಾಕುವುದು ಸಭೆಗಳ ಹಳೆಯ ಚಾಳಿ.

ಉತ್ತರಕ್ಕೆ ಒಂದು ವಾರ ಕೊಡಿ. ಮನೆಯವರ ಜತೆ ಮಾತಾಡಲು ಹೇಳಿ. ‘ಇಲ್ಲ’ ಎಂದರೆ ‘ಇಲ್ಲ’ವನ್ನು ಗೌರವದಿಂದ ತಗೊಳ್ಳಿ, ‘ದೇವರ ಕೆಲಸಕ್ಕೆ ಇಲ್ಲ ಅಂತೀರಾ’ ಎಂಬ ಮಾತು ಬೇಡ. ಹಾಗೆ ಒಪ್ಪಿಸಿದವರು ಮೂರನೇ ತಿಂಗಳಿಗೆ ಫೋನ್ ಎತ್ತುವುದಿಲ್ಲ.

ಒಬ್ಬರು ಎಷ್ಟು ವರ್ಷ ಇರಬೇಕು?

ಮೂರು ವರ್ಷ, ಹೆಚ್ಚೆಂದರೆ ಎರಡು ಅವಧಿ, ಆಮೇಲೆ ಕನಿಷ್ಠ ಒಂದು ವರ್ಷದ ಬಿಡುವು. ಒಂಬತ್ತು ಜನರ ಕಮಿಟಿಯಾದರೆ ವರ್ಷಕ್ಕೆ ಮೂವರಂತೆ ಬದಲಾಯಿಸಿ. ಒಂಬತ್ತೂ ಜನ ಒಂದೇ ಸಲ ಹೋದರೆ ನೆನಪೆಲ್ಲ ಅವರ ಹಿಂದೆ ಹೋಗುತ್ತದೆ. ಖಜಾಂಚಿ ಹುದ್ದೆಗೆ ಈ ನಿಯಮದಲ್ಲಿ ಯಾವ ರಿಯಾಯಿತಿಯೂ ಬೇಡ. ‘ಅವರಷ್ಟು ಚೆನ್ನಾಗಿ ಬೇರೆ ಯಾರೂ ಲೆಕ್ಕ ಇಡಲ್ಲ’ ಎಂದು ಹದಿನೈದು ವರ್ಷ ಬಿಟ್ಟ ಕಡೆ, ಲೆಕ್ಕ ಸರಿಯಿದ್ದರೂ ಅದನ್ನು ಓದಬಲ್ಲ ಎರಡನೇ ಮನುಷ್ಯ ಇರುವುದಿಲ್ಲ.

ಮನೆ ಗುಂಪಿಗೆ ಎಷ್ಟು ಜನ? ಮುಂದಾಳು ಏನು ಮಾಡಬೇಕು?

ಎಂಟರಿಂದ ಹನ್ನೆರಡು. ಹದಿನೈದು ದಾಟಿದರೆ ನಾಲ್ಕೈದು ಜನ ಮಾತ್ರ ಮಾತಾಡುತ್ತಾರೆ, ಉಳಿದವರು ಬರೀ ಕೇಳುಗರಾಗುತ್ತಾರೆ.

ಹನ್ನೆರಡರ ಲೆಕ್ಕಕ್ಕೆ ಒಂದು ಹಳೆಯ ಹಿನ್ನೆಲೆ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟರು ಕಟ್ಟಡದ ಸಾಲ ತೀರಿಸುವ ದಾರಿ ಹುಡುಕುತ್ತಿದ್ದರು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ (ಚಿಲ್ಲರೆ ಕಾಸು) ಕೊಡಲಿ ಎಂದು ಒಬ್ಬರು ಸೂಚಿಸಿದರು. ಬಡವರ ಪಾಡೇನು ಎಂಬ ಪ್ರಶ್ನೆ ಎದ್ದಾಗ, ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ಕೊಡಿ, ಅವರಿಂದ ಆಗದಿದ್ದರೆ ನಾನೇ ತುಂಬುತ್ತೇನೆ ಎಂದರು ಆ ಮನುಷ್ಯ. ಹೀಗೆ ಹನ್ನೆರಡರ ‘ಕ್ಲಾಸ್’ಗಳು ಹುಟ್ಟಿದವು. ಕಾಸು ವಸೂಲಿಗೆ ಮನೆಮನೆಗೆ ಹೋದವರ ಕಣ್ಣಿಗೆ ಆ ಮನೆಗಳ ಕಷ್ಟ, ಕುಡಿತ, ಜಗಳ ಎಲ್ಲ ಬಿತ್ತು. ಮೆಥೊಡಿಸ್ಟರ ಮುಂದಾಳು ಜಾನ್ ವೆಸ್ಲಿ ಅದರ ಬೆಲೆ ಕೂಡಲೇ ಅರಿತರು: ವಸೂಲಿಗಾರರು ಕುರಿಕಾಯುವವರಾದರು. ಸಾಲ ತೀರಿಸಲು ಹೊರಟ ಏರ್ಪಾಡು ಒಂದು ಚಳವಳಿಯ ಬೆನ್ನೆಲುಬಾಯಿತು.

ಕೂಟಕ್ಕೆ ಒಂದೂವರೆ ಗಂಟೆ ಸಾಕು. ಬಂದವರು ಕೂತು ಸುಧಾರಿಸಿಕೊಳ್ಳಲು ಹದಿನೈದು ನಿಮಿಷ, ಬೈಬಲಿನ ವಚನ ಓದಿ ಚರ್ಚಿಸಲು ನಲವತ್ತು, ಪರಸ್ಪರ ವಿಚಾರಿಸಿಕೊಂಡು ಪ್ರಾರ್ಥಿಸಲು ಮೂವತ್ತು, ಪ್ರಕಟಣೆಗೆ ಐದು. ಹೇಳಿದ ಹೊತ್ತಿಗೆ ಮುಗಿಸಿ. ತಡವಾಗಿ ಶುರುವಾದರೂ ಸರಿಯಾಗಿ ಮುಗಿಸಿ. ಮಕ್ಕಳಿರುವ ಮನೆಯವರು ಬಿಟ್ಟುಹೋಗುವುದು ಬೋಧನೆ ಸಾಲದೆಂದಲ್ಲ, ರಾತ್ರಿ ಹತ್ತಾಯಿತೆಂದು.

ಮುಂದಾಳು ಮಾತಾಡುವುದು ಒಟ್ಟು ಹೊತ್ತಿನ ಕಾಲು ಭಾಗ ಮೀರಬಾರದು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ. ಆ ಮೌನ ಸಹಿಸಲಾಗದೆ ತಾವೇ ಉತ್ತರ ಹೇಳಿಬಿಡುವುದು ಹೊಸ ಮುಂದಾಳುಗಳ ಮೊದಲ ತಪ್ಪು. ಎರಡನೆಯದು, ಜತೆಗಾರನಿಲ್ಲದೆ ಶುರುಮಾಡುವುದು. ಮೊದಲ ದಿನದಿಂದಲೇ ಒಬ್ಬರು ಸಹಮುಂದಾಳು ಇರಲಿ, ನಾಲ್ಕು ವಾರಕ್ಕೊಮ್ಮೆ ಅವರೇ ನಡೆಸಲಿ. ಗುಂಪು ಹದಿನಾಲ್ಕಾದಾಗ ಅದನ್ನು ಎರಡು ಮಾಡಬೇಕಾಗುತ್ತದೆ, ಆಗ ಮುಂದಾಳನ್ನು ಹುಡುಕಲು ಹೊರಟರೆ ತಡವಾಯಿತು. ಹೀಗೆ ಎರಡಾಗುತ್ತದೆ ಎಂಬುದನ್ನು ಆರಂಭದಲ್ಲೇ ಹೇಳಿಡಿ. ಹೇಳದೆ ಮಾಡಿದರೆ ಜನ ಮನೆ ಪಾಲಾದಂತೆ ನೊಂದುಕೊಳ್ಳುತ್ತಾರೆ.

ಆಸ್ಪತ್ರೆಗೆ ಭೇಟಿ ಕೊಡುವಾಗ ಏನು ನೆನಪಿಡಬೇಕು?

ಹತ್ತರಿಂದ ಹದಿನೈದು ನಿಮಿಷ. ಹೋಗುವ ಮುನ್ನ ಮನೆಯವರನ್ನು ಕೇಳಿ. ಕೈ ತೊಳೆದು ಒಳಗೆ ಹೋಗಿ. ಹಾಸಿಗೆಯ ಮೇಲೆ ಕೂರಬೇಡಿ, ಕುರ್ಚಿ ಎಳೆದುಕೊಂಡು ರೋಗಿಯ ಕಣ್ಣಿನ ಮಟ್ಟಕ್ಕೆ ಕೂರಿ. ನಿಂತು ಮಾತಾಡಿದರೆ ಹೊರಡುವ ಅವಸರದಲ್ಲಿರುವಂತೆ ಕಾಣುತ್ತದೆ. ಡಾಕ್ಟರ್ ಬಂದರೆ ಕೇಳಿಸಿಕೊಳ್ಳದೆ ಹೊರಗೆ ಬನ್ನಿ. ‘ನಮ್ಮ ಸಂಬಂಧಿಕರಿಗೂ ಇದೇ ಆಗಿತ್ತು’ ಎಂಬ ಕಥೆ ಬೇಡ. ಪ್ರಾರ್ಥಿಸಲೇ ಎಂದು ಕೇಳಿ, ಒಪ್ಪಿದರೆ ಒಂದೆರಡು ನಿಮಿಷ, ಪಕ್ಕದ ಹಾಸಿಗೆಯವರ ನಿದ್ದೆ ಕೆಡದ ದನಿಯಲ್ಲಿ.

ಎರಡು ವಿಷಯದಲ್ಲಿ ರಾಜಿಯೇ ಇಲ್ಲ. ಗುಣವಾಗುತ್ತದೆ ಎಂದು ದೇವರ ಹೆಸರಲ್ಲಿ ಮಾತು ಕೊಡಬಾರದು. ಔಷಧಿ ನಿಲ್ಲಿಸಿ ಎಂದು ಯಾವ ಕಾರಣಕ್ಕೂ ಹೇಳಬಾರದು. ಮೂರನೆಯದು ಈಗಿನ ಕಾಲದ್ದು: ಹಾಸಿಗೆ ಪಕ್ಕ ನಿಂತು ಫೋಟೊ ತೆಗೆದು ಗ್ರೂಪಿಗೆ ಹಾಕಬಾರದು.

ಕಾಣಿಕೆ ಎಣಿಸುವ ಸರಿಯಾದ ಕ್ರಮ ಯಾವುದು?

ಈ ಪ್ರಶ್ನೆಗೆ ಉದ್ದನೆಯ ಉತ್ತರವೇ ಬೇಕು. ಇಲ್ಲಿ ತಪ್ಪಾದರೆ ನಿರಪರಾಧಿಯ ಹೆಸರೂ ಕೆಡುತ್ತದೆ.

ಕಾಣಿಕೆ ಚೀಲ ಪೀಠದಿಂದ ಎಣಿಕೆಯ ಕೋಣೆಗೆ ಹೋಗುವಾಗ ಇಬ್ಬರು ಜತೆಗಿರಬೇಕು. ಗಂಡ ಹೆಂಡತಿ, ಅಪ್ಪ ಮಗ, ಅಣ್ಣ ತಮ್ಮ ಆಗಬಾರದು. ಎಣಿಸುವವರು ಇಬ್ಬರು ಅಥವಾ ಮೂವರು, ವಾರವಾರ ಸರದಿ ಬದಲಾಗಲಿ. ಮೇಜಿನ ಮೇಲೆ ಎಣಿಕೆಗೆ ಬೇಕಾದ್ದು ಬಿಟ್ಟು ಬೇರೇನೂ ಇರಬಾರದು, ಕೈಚೀಲಗಳು ಕೋಣೆಯ ಹೊರಗೆ. ಮೊದಲು ಹೆಸರಿರುವ ಲಕೋಟೆಗಳು: ಒಬ್ಬರು ಒಡೆದು ಮೊತ್ತ ಓದುತ್ತಾರೆ, ಇನ್ನೊಬ್ಬರು ಒಳಗಿನದ್ದು ಎಣಿಸಿ ಹೊರಗೆ ಬರೆದದ್ದಕ್ಕೆ ತಾಳೆ ನೋಡುತ್ತಾರೆ. ವ್ಯತ್ಯಾಸವಿದ್ದರೆ ಲಕೋಟೆಯ ಮೇಲೇ ಬರೆದು ಇಬ್ಬರೂ ಸಹಿ ಹಾಕಿ, ಲಕೋಟೆ ಎಸೆಯದೆ ಇಟ್ಟುಕೊಳ್ಳಿ. ಆಮೇಲೆ ಬಿಡಿ ನೋಟುಗಳನ್ನು ಮುಖಬೆಲೆಯಂತೆ ವಿಂಗಡಿಸಿ ಎಣಿಸಿ, ಕಟ್ಟುಗಳನ್ನು ಅದಲುಬದಲು ಮಾಡಿಕೊಂಡು ಮತ್ತೊಮ್ಮೆ ಎಣಿಸಿ. ಎರಡೂ ಎಣಿಕೆ ಒಂದಾದ ಮೇಲಷ್ಟೇ ಹಾಳೆಗೆ ಅಂಕಿ ಬರಲಿ. ಪೆನ್ನಿನಲ್ಲಿ, ಎರಡು ಪ್ರತಿ, ಎಲ್ಲರ ಸಹಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ಬಿಳಿ ಬಣ್ಣ ಬಳಿದು ಅಳಿಸಬೇಡಿ. ಒಂದು ಪ್ರತಿ ಹಣದ ಜತೆ, ಇನ್ನೊಂದು ಕಾರ್ಯದರ್ಶಿಗೆ.

ಆ ಹಣದಿಂದ ಆ ದಿನದ ಖರ್ಚಿಗೆಂದು ಒಂದು ನೋಟೂ ತೆಗೆಯಬಾರದು. ‘ಹೂವಿನವರಿಗೆ ಕೊಡಬೇಕಿತ್ತು, ಇದರಲ್ಲೇ ಕೊಟ್ಟೆ’ ಎಂಬುದು ಪ್ರಾಮಾಣಿಕವೇ ಇರಬಹುದು, ಆದರೆ ಎಣಿಕೆ ಹಾಳೆಗೂ ಬ್ಯಾಂಕ್ ಚಲನ್‌ಗೂ ತಾಳೆಯಾಗದ ಮೊದಲ ಭಾನುವಾರ ಅದೇ. ಬಂದದ್ದು ಅಷ್ಟೂ ಬ್ಯಾಂಕಿಗೆ ಹೋಗಲಿ, ಮರುದಿನ ಅಥವಾ ಬ್ಯಾಂಕ್ ತೆರೆದ ಮೊದಲ ದಿನ. ಎಣಿಸುವವರು, ಪುಸ್ತಕ ಬರೆಯುವವರು, ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವವರು ಬೇರೆಬೇರೆ ಮಂದಿಯಾಗಿರಲಿ.

ಆನ್‌ಲೈನ್ ಕಾಣಿಕೆ ಸಭೆಯ ಹೆಸರಿನ ಖಾತೆಗೇ ಬರಬೇಕು. ‘ಸದ್ಯಕ್ಕೆ’ ಎಂದು ಖಜಾಂಚಿಯ ಸ್ವಂತ ಖಾತೆಯ ಕ್ಯೂಆರ್ ಕೋಡ್ ಅಂಟಿಸಿದರೆ ಆ ‘ಸದ್ಯ’ ಮುಗಿಯುವುದೇ ಇಲ್ಲ. ನಿರ್ದಿಷ್ಟ ಉದ್ದೇಶಕ್ಕೆಂದು ಕೊಟ್ಟ ಹಣವನ್ನು ಅದಕ್ಕೇ ಬಳಸಬೇಕು. ಕಟ್ಟಡ ನಿಧಿಯಿಂದ ಈ ತಿಂಗಳ ಸಂಬಳಕ್ಕೆ ‘ಕೈಗಡ’ ತೆಗೆಯುವುದು ಸಭೆಗಳು ಬಹಳ ಸುಲಭವಾಗಿ ಜಾರುವ ಮೆಟ್ಟಿಲು.

ಮಕ್ಕಳ ವಿಭಾಗಕ್ಕೆ ಏನೇನು ನಿಯಮ ಬೇಕು?

ಯಾವ ಕೋಣೆಯಲ್ಲೂ ಒಬ್ಬರೇ ದೊಡ್ಡವರು ಇರಬಾರದು. ಇಬ್ಬರಿರಬೇಕು, ಅವರು ಒಂದೇ ಮನೆಯವರಾಗಬಾರದು. ಬಾಗಿಲಿಗೆ ಗಾಜಿನ ಕಿಂಡಿ ಇರಲಿ, ಇಲ್ಲದಿದ್ದರೆ ಬಾಗಿಲು ತೆರೆದೇ ಇರಲಿ. ಮಗುವನ್ನು ಬಿಟ್ಟವರ ಹೆಸರು, ಕರೆದೊಯ್ಯುವವರ ಹೆಸರು ಎರಡೂ ಬರೆಯಿರಿ. ಮಕ್ಕಳಿಗೆ ಯಾರೂ ಖಾಸಗಿಯಾಗಿ ಮೆಸೇಜ್ ಮಾಡಬಾರದು, ಪೋಷಕರೂ ಇರುವ ಗ್ರೂಪಿನಲ್ಲಿ ಮಾತ್ರ. ಸಭೆಗೆ ಬಂದು ಆರು ತಿಂಗಳಾಗದವರನ್ನು ಮಕ್ಕಳ ಕೆಲಸಕ್ಕೆ ಹಾಕಬೇಡಿ, ಜನ ಸಾಲದಿದ್ದರೂ ಸರಿ. ಎಷ್ಟು ಮಕ್ಕಳಿಗೆ ಎಷ್ಟು ಜನ ಎಂಬುದಕ್ಕೆ ಬ್ರಿಟನ್ನಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಸೂಚಿಸುವ ಅಳತೆ ಉಪಯುಕ್ತ: ಎರಡು ವರ್ಷದೊಳಗಿನ ಮೂವರಿಗೆ ಒಬ್ಬರು, ನಾಲ್ಕರಿಂದ ಎಂಟು ವರ್ಷದ ಆರು ಮಕ್ಕಳಿಗೆ ಒಬ್ಬರು, ಒಂಬತ್ತರಿಂದ ಹನ್ನೆರಡರ ಎಂಟು ಮಕ್ಕಳಿಗೆ ಒಬ್ಬರು.

ಮಗುವೊಂದು ಏನಾದರೂ ಹೇಳಿಕೊಂಡರೆ ಕೇಳಿಸಿಕೊಳ್ಳಿ, ಅಡ್ಡಪ್ರಶ್ನೆ ಹಾಕಬೇಡಿ, ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಮಗು ಬಳಸಿದ ಮಾತುಗಳಲ್ಲೇ ಅಂದೇ ಬರೆದಿಡಿ, ಕಾನೂನು ಹೇಳುವ ಅಧಿಕಾರಿಗಳಿಗೆ ತಿಳಿಸಿ. ‘ಮೊದಲು ಹಿರಿಯರು ಕೂತು ವಿಚಾರಿಸೋಣ’ ಎಂಬುದು ಸಭೆಯ ಮರ್ಯಾದೆ ಉಳಿಸುವ ದಾರಿಯಂತೆ ಕಾಣುತ್ತದೆ. ಅಷ್ಟರಲ್ಲಿ ಸಾಕ್ಷ್ಯ ಹಾಳಾಗುತ್ತದೆ, ಮಗು ಮತ್ತೆ ಅದೇ ಕೈಗೆ ಸಿಗುತ್ತದೆ.

ಕೇಳಿದ ಗುಟ್ಟನ್ನು ಎಷ್ಟರ ಮಟ್ಟಿಗೆ ಇಟ್ಟುಕೊಳ್ಳಬೇಕು?

ಯಾರದೋ ಜೀವಕ್ಕೆ, ಮಗುವಿಗೆ ಅಪಾಯವಿದ್ದರೆ ಗುಟ್ಟಿಲ್ಲ. ಇದನ್ನು ಮಾತು ಶುರುವಾಗುವ ಮೊದಲೇ ಹೇಳಿ. ಉಳಿದದ್ದು ನಿಮ್ಮಲ್ಲೇ ಇರಲಿ, ನಿಮ್ಮ ಗಂಡ ಅಥವಾ ಹೆಂಡತಿಗೂ ಹೇಳಬೇಡಿ. ಸಭೆಯಲ್ಲಿ ಸುದ್ದಿ ಹರಡುವ ದೊಡ್ಡ ಕಾಲುವೆ ‘ಪ್ರಾರ್ಥನೆ ಮಾಡ್ಲಿ ಅಂತ ಹೇಳ್ತಿದ್ದೀನಿ’ ಎಂಬ ಮಾತು. ಪ್ರಾರ್ಥನೆಯ ಪಟ್ಟಿಗೆ ಹೆಸರು ಹಾಕುವ ಮುನ್ನ ಆ ವ್ಯಕ್ತಿಯನ್ನೇ ಕೇಳಿ: ಹೆಸರು ಹೇಳಬಹುದೇ, ವಿಷಯ ಎಷ್ಟು ಹೇಳಬಹುದು?

ಕಮಿಟಿ ಮೀಟಿಂಗ್ ಮೂರು ಗಂಟೆ ಎಳೆಯುತ್ತದೆ. ಇದಕ್ಕೇನು ಮದ್ದು?

ಮೂರು ದಿನ ಮೊದಲೇ ಕಾರ್ಯಸೂಚಿ ಕಳಿಸಿ, ಪ್ರತಿ ವಿಷಯದ ಮುಂದೆ ನಿಮಿಷ ಬರೆಯಿರಿ. ವರದಿಗಳನ್ನು ಮೊದಲೇ ಓದಿಬರಲಿ, ಅಲ್ಲಿ ಗಟ್ಟಿಯಾಗಿ ಓದುವುದು ಬೇಡ. ಕಠಿಣ ವಿಷಯ ಮೊದಲು, ಏಕೆಂದರೆ ಒಂಬತ್ತೂವರೆಗೆ ತೆಗೆದುಕೊಂಡ ತೀರ್ಮಾನ ಮುಂದಿನ ತಿಂಗಳು ಮತ್ತೆ ಮೇಜಿಗೆ ಬರುತ್ತದೆ.

ನಡಾವಳಿ ಪುಸ್ತಕ ತೆರೆದು ಹಳೆಯ ಪುಟವೊಂದನ್ನು ಓದಿ. ‘ಛಾವಣಿ ಸೋರಿಕೆಯ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು’ ಎಂದಿದ್ದರೆ ಆ ಛಾವಣಿ ಇಂದಿಗೂ ಸೋರುತ್ತಿರುತ್ತದೆ. ಹೀಗಿರಬೇಕು: ‘ಛಾವಣಿಯ ಪಶ್ಚಿಮ ಮೂಲೆ. ಮೂರು ದರಪಟ್ಟಿ ತರಿಸುವುದು. ಹೊಣೆ: ಕಟ್ಟಡ ಸಂಚಾಲಕರು. 20ನೇ ತಾರೀಖಿನೊಳಗೆ.’ ಯಾರು ಏನೆಂದು ವಾದಿಸಿದರು ಎಂಬುದು ನಡಾವಳಿಯಲ್ಲಿ ಬೇಕಿಲ್ಲ.

ದೀಕ್ಷೆಯಿಲ್ಲದವರು ಪ್ರಸಂಗ ಮಾಡಬಹುದೇ? ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ನಡೆಸಬಹುದೇ?

ಪಂಗಡದ ನಿಯಮವೇ ಉತ್ತರ. ಮೆಥೊಡಿಸ್ಟರಲ್ಲಿ ತರಬೇತಾದ ಸ್ಥಳೀಯ ಬೋಧಕರು, ಆಂಗ್ಲಿಕನ್ನರಲ್ಲಿ ಪರವಾನಗಿ ಪಡೆದ ರೀಡರ್‌ಗಳು ಪ್ರಸಂಗ ಮಾಡುತ್ತಾರೆ. ಕಥೋಲಿಕರಲ್ಲಿ ಬಲಿಪೂಜೆಯ (ಮಾಸ್) ಪ್ರಬೋಧನೆ ದೀಕ್ಷೆ ಪಡೆದವರಿಗೇ ಮೀಸಲು. ಆದರೆ ನೇಮಕಗೊಂಡ ಸಾಮಾನ್ಯರು ಪರಮಪ್ರಸಾದ (ಬಲಿಪೂಜೆಯ ರೊಟ್ಟಿ) ಹಂಚಬಹುದು, ಸಾವಿನಂಥ ತುರ್ತಿನಲ್ಲಿ ಯಾರು ಬೇಕಾದರೂ ಸ್ನಾನದೀಕ್ಷೆ (ಬ್ಯಾಪ್ಟಿಸಮ್) ಕೊಡಬಹುದು. 2021ರಲ್ಲಿ ಪೋಪ್ ಫ್ರಾನ್ಸಿಸ್ ವಾಚಕ ಮತ್ತು ಪೀಠಸೇವಕ ಸೇವೆಗಳನ್ನು ಮಹಿಳೆಯರಿಗೂ ತೆರೆದರು, ಅದೇ ವರ್ಷ ಉಪದೇಶಿಯ ಸೇವೆಯನ್ನು ವಿಧಿವತ್ತಾಗಿ ಸ್ಥಾಪಿಸಿದರು. ಬ್ರೆದರನ್ ಸಭೆಗಳಲ್ಲಿ ಸಾಮಾನ್ಯವಾಗಿ ದೀಕ್ಷೆಯ ಪ್ರಶ್ನೆಯೇ ಇಲ್ಲ.

ಬೋಧನೆಯಲ್ಲಿ ತಪ್ಪಾದರೆ ತಿದ್ದುವ ರೀತಿಗೆ ಬೈಬಲಿನ ಅಕ್ವಿಲ ಮತ್ತು ಪ್ರಿಸ್ಕಿಲ್ಲರನ್ನು ನೋಡಿ. ಗುಡಾರ ಹೊಲಿಯುವ ದಂಪತಿ. ಮಾತಿನಲ್ಲಿ ಚತುರನಾದ ಅಪೊಲ್ಲೋಸನ ಬೋಧನೆಯಲ್ಲಿ ಕೊರತೆ ಕಂಡಾಗ ಎದ್ದುನಿಂತು ಆಕ್ಷೇಪಿಸದೆ, ಪಕ್ಕಕ್ಕೆ ಕರೆದುಕೊಂಡು ವಿವರಿಸಿದರು.

ಹೊಸಬರು ಎರಡು ಮೂರು ವಾರ ಬಂದು ಕಾಣೆಯಾಗುತ್ತಾರೆ. ಏಕೆ?

ಬಾಗಿಲಲ್ಲಿ ಕೈಕುಲುಕುವವರು ಸಾಮಾನ್ಯವಾಗಿ ಇರುತ್ತಾರೆ. ತೊಂದರೆ ಆರಾಧನೆ ಮುಗಿದ ನಂತರದ ಹತ್ತು ನಿಮಿಷದಲ್ಲಿ. ಆಗ ಹಳಬರು ಹಳಬರ ಜತೆ ಗುಂಪುಕಟ್ಟುತ್ತಾರೆ, ಮುಂದಾಳುಗಳು ಪರಸ್ಪರ ಲೆಕ್ಕ ಕೇಳಿಕೊಳ್ಳುತ್ತಾರೆ, ಹೊಸ ಕುಟುಂಬ ಮೊಬೈಲ್ ನೋಡುತ್ತ ಗೇಟಿನತ್ತ ನಡೆಯುತ್ತದೆ. ಆ ಹತ್ತು ನಿಮಿಷ ಮುಂದಾಳುಗಳು ಸಭೆಯ ಕೆಲಸ ಮಾತಾಡಬಾರದು ಎಂಬ ಒಂದೇ ನಿಯಮ ಬಹಳ ಮಾಡುತ್ತದೆ. ಎರಡು ದಿನದೊಳಗೆ ಒಂದು ಚಿಕ್ಕ ಫೋನ್, ಪಾಸ್ಟರ್ ಅಲ್ಲದವರಿಂದ. ಆರು ವಾರದೊಳಗೆ ಒಂದು ಗುಂಪಿಗೆ ಪರಿಚಯ. ಹುದ್ದೆ ಮಾತ್ರ ಬೇಡ. ಚೆನ್ನಾಗಿ ಹಾಡುವವರು ಬಂದರೆಂದು ಎರಡನೇ ಭಾನುವಾರವೇ ಮೈಕ್ ಕೊಡುವುದು ಅವರಿಗೂ ಒಳ್ಳೆಯದಲ್ಲ.

ಇಬ್ಬರು ಮುಂದಾಳುಗಳ ನಡುವೆ ಮಾತು ನಿಂತಿದೆ. ಏನು ಮಾಡಬೇಕು?

ಮತ್ತಾಯ 18ರ ಕ್ರಮ ಎಲ್ಲರಿಗೂ ಗೊತ್ತು: ಮೊದಲು ಒಬ್ಬನೇ ಹೋಗಿ, ಆಮೇಲೆ ಒಬ್ಬಿಬ್ಬರ ಜತೆ, ಕೊನೆಗೆ ಸಭೆಯ ಮುಂದೆ. ಆದರೆ ನಡೆಯುವುದು ತಲೆಕೆಳಗಾಗಿ, ಮೊದಲು ವಾಟ್ಸ್ಆ್ಯಪ್ ಗ್ರೂಪ್, ಕೊನೆಗೆ ಆ ಮನುಷ್ಯ. ದೂರು ಹೇಳಲು ಬಂದವರಿಗೆ ‘ಅವರ ಹತ್ತಿರ ಮಾತಾಡಿದಿರಾ?’ ಎಂದು ಕೇಳಿ. ಇಲ್ಲ ಎಂದರೆ ‘ಜತೆಗೆ ನಾನು ಬರಲೇ?’ ಎನ್ನಿ, ಸಂದೇಶ ಹೊತ್ತೊಯ್ಯಲು ಒಪ್ಪಬೇಡಿ. ಈ ಕ್ರಮ ಸಮಾನರ ನಡುವಿನ ಮನಸ್ತಾಪಕ್ಕೆ. ದೌರ್ಜನ್ಯಕ್ಕೆ ಒಳಗಾದವರನ್ನು ‘ಮೊದಲು ಒಬ್ಬರೇ ಹೋಗಿ ಮಾತಾಡಿ’ ಎಂದು ಕಳಿಸುವುದು ವಚನದ ದುರುಪಯೋಗ.

ಪಾಸ್ಟರ್ ಜತೆ ಭಿನ್ನಾಭಿಪ್ರಾಯ ಬಂದರೆ?

ಮುಚ್ಚಿದ ಬಾಗಿಲ ಒಳಗೆ ಪೂರ್ತಿ ಹೇಳಿ, ಹೊರಗೆ ಬಂದ ಮೇಲೆ ತೀರ್ಮಾನದ ಜತೆ ನಿಲ್ಲಿ. ಹಣ ಅಥವಾ ನಡತೆಯ ವಿಷಯವಾದರೆ ಹಾಗಲ್ಲ, ನಿಯಮಾವಳಿ ತೋರಿಸುವ ಮೇಲಿನವರಿಗೆ ಲಿಖಿತವಾಗಿ ಕೊಡಬೇಕು. ಹೆಸರಿಲ್ಲದ ಪತ್ರ ಬೇಡ.

ಒಳ್ಳೆಯ ಮುಂದಾಳು ದಣಿದಿದ್ದಾರೆಂದು ಗೊತ್ತಾಗುವುದು ಹೇಗೆ?

ಕೆಲಸ ನಿಲ್ಲುವುದಿಲ್ಲ, ಅದಕ್ಕೇ ಯಾರಿಗೂ ತಿಳಿಯುವುದಿಲ್ಲ. ಮೊದಲು ಕಾಣುವುದು ಗೊಣಗಾಟ: ‘ಯಾರೂ ಮಾಡಲ್ಲ, ನಾನೇ ಮಾಡಬೇಕು.’ ಆಮೇಲೆ ಆರಾಧನೆಯಲ್ಲಿ ಕೂರುವುದೇ ತಪ್ಪುತ್ತದೆ, ಭಾನುವಾರವೆಲ್ಲ ಓಡಾಟ. ಮೂರು ತಿಂಗಳಿಗೊಮ್ಮೆ ಕೆಲಸದ ಲೆಕ್ಕ ಬಿಟ್ಟು ಅರ್ಧ ಗಂಟೆ ಅವರ ಜತೆ ಕೂತು, ಮನೆ ಹೇಗಿದೆ, ಏನು ಬಿಡಬೇಕೆನ್ನಿಸಿದೆ ಎಂದು ಕೇಳಿ. ಒಬ್ಬರಿಗೆ ಒಂದೇ ದೊಡ್ಡ ಜವಾಬ್ದಾರಿ. ಎರಡನೆಯದು ಕೊಡಬೇಕಾದರೆ ಮೊದಲನೆಯದನ್ನು ತೆಗೆಯಿರಿ.

ಕೆಲಸ ಮಾಡದವರನ್ನು ಬಿಡಿಸುವುದು ಹೇಗೆ?

ಅವಧಿ ನಿಗದಿ ಮಾಡಿದ್ದರೆ ಹೆಚ್ಚಿನ ಸಲ ಈ ಪ್ರಶ್ನೆಯೇ ಬರುವುದಿಲ್ಲ. ಬಂದರೆ, ಕಾರಣ ಕೇಳಿ ಮೊದಲು. ಕಾಯಿಲೆ ಇರಬಹುದು, ಕೆಲಸವೇ ಅವರಿಗೆ ಹೊಂದದ್ದಿರಬಹುದು. ಒಂದು ತಿಂಗಳು ಸಮಯ ಕೊಟ್ಟು, ಏನು ಬದಲಾಗಬೇಕೆಂದು ಸ್ಪಷ್ಟವಾಗಿ ಹೇಳಿ. ಬದಲಾಗದಿದ್ದರೆ ಎದುರಿಗೆ ಕೂತು ಬಿಡಿಸಿ. ಸುಮ್ಮನೆ ಅವರ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ, ಅವರಿಗೇ ಅರ್ಥವಾಗಲಿ ಎಂದು ಕಾಯುವುದು ಹೇಡಿತನ, ಇಬ್ಬರನ್ನೂ ಕಳೆದುಕೊಳ್ಳುತ್ತೀರಿ.

ಜವಾಬ್ದಾರಿ ಹಸ್ತಾಂತರಿಸುವಾಗ ಏನೇನು ಕೊಡಬೇಕು?

ಒಂದು ತಿಂಗಳು ಹಳಬರೂ ಹೊಸಬರೂ ಜತೆಯಾಗಿ ಮಾಡಲಿ: ಎರಡು ವಾರ ಹಳಬರು ಮಾಡಿ ಹೊಸಬರು ನೋಡುವುದು, ಎರಡು ವಾರ ಹೊಸಬರು ಮಾಡಿ ಹಳಬರು ನೋಡುವುದು. ಬ್ಯಾಂಕಿನಲ್ಲಿ ಸಹಿದಾರರ ಬದಲಾವಣೆಗೆ ಕಮಿಟಿಯ ಠರಾವಿನ ಪ್ರತಿ ಬೇಕಾಗುತ್ತದೆ. ಅದನ್ನು ಮೊದಲ ವಾರವೇ ಶುರುಮಾಡಿ, ಹಳೆಯ ಸಹಿದಾರರು ಊರು ಬಿಟ್ಟ ಮೇಲೆ ಓಡಾಡುವುದು ಕಷ್ಟ. ಸಭೆಯ ಇಮೇಲ್, ಗ್ರೂಪಿನ ಅಡ್ಮಿನ್ ಹಕ್ಕು, ವಿಡಿಯೊ ಚಾನೆಲ್‌ನ ಪಾಸ್‌ವರ್ಡ್ ಒಬ್ಬರ ಸ್ವಂತ ಫೋನ್ ನಂಬರಿಗೆ ಕಟ್ಟಿಕೊಂಡಿದೆಯೇ ನೋಡಿ, ಇದ್ದರೆ ಬಿಡಿಸಿ. ಬೀಗದ ಕೈಗಳಿಗೆ ನಂಬರ್ ಹಾಕಿ, ಯಾವ ನಂಬರ್ ಯಾರ ಬಳಿ ಎಂದು ಸಹಿ ಮಾಡಿಸಿದ ಪಟ್ಟಿ ಇಡಿ. ಪಟ್ಟಿ ಮಾಡಲು ಕೂತಾಗ ಮುಖ್ಯ ಬಾಗಿಲಿನ ಕೈ ನಾಲ್ಕು ಇರಬೇಕಾದ ಕಡೆ ಏಳೋ ಎಂಟೋ ಇರುವುದು ಗೊತ್ತಾದರೆ, ಹುಡುಕುತ್ತ ಕೂರಬೇಡಿ, ಬೀಗವನ್ನೇ ಬದಲಿಸಿ.